ತೆರಿಗೆ ಇಲ್ಲದ ಪರಿಹಾರಕ್ಕೆ ತೆರಿಗೆ ತಗಲುವ ಬಗೆ

ಅಮೆರಿಕದಲ್ಲಿ ಕೆಲಸದ ವೇಳೆ ಗಾಯಗೊಂಡು ಪರಿಹಾರ ಪಡೆದವರು ತೆರಿಗೆಯ ಬಗ್ಗೆ ವಿಚಾರಿಸಿದರೆ ಎಲ್ಲೆಡೆ ಒಂದೇ ಉತ್ತರ ಸಿಗುತ್ತದೆ: ವರ್ಕರ್ಸ್ ಕಾಂಪೆನ್ಸೇಷನ್ ಹಣಕ್ಕೆ ತೆರಿಗೆ ಇಲ್ಲ. ಈ ಉತ್ತರ ಸುಳ್ಳಲ್ಲ. ಆದರೆ ಅದೇ ವ್ಯಕ್ತಿಗೆ ಸೋಷಿಯಲ್ ಸೆಕ್ಯೂರಿಟಿಯ (ಸಂಬಳದಿಂದ ಕಡಿತವಾಗುವ ತೆರಿಗೆಯಿಂದ ನಡೆಯುವ ಫೆಡರಲ್ ಸಾಮಾಜಿಕ ಭದ್ರತಾ ಯೋಜನೆ) ಅಂಗವೈಕಲ್ಯ ಪಿಂಚಣಿಯೂ ಮಂಜೂರಾಗಿದ್ದರೆ, ಅಥವಾ ಮುಂದೆ ಮಂಜೂರಾಗುವ ಸಾಧ್ಯತೆಯಿದ್ದರೆ, ಆ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯುವ ಹೊತ್ತಿಗೆ, ಪರಿಹಾರ ಕೊಡುವ ವಿಮಾ ಕಂಪನಿಯೊಂದಿಗಿನ ರಾಜಿಪತ್ರಕ್ಕೆ ಸಹಿ ಬಿದ್ದಿರುತ್ತದೆ.

ನ್ಯೂಜೆರ್ಸಿಯಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಬರುವವರಲ್ಲಿ ನಮ್ಮವರೂ ಇದ್ದಾರೆ, ಬೇರೆಯವರೂ ಇದ್ದಾರೆ. ಗೋದಾಮಿನಲ್ಲಿ ಭಾರ ಎತ್ತಿ ಬೆನ್ನು ಕಳೆದುಕೊಂಡವರು, ಹೋಟೆಲ್ ಅಡುಗೆಮನೆಯಲ್ಲಿ ಜಾರಿ ಬಿದ್ದವರು, ವೃದ್ಧರ ಆರೈಕೆ ಮಾಡುತ್ತಾ ಭುಜ ಹರಿದುಕೊಂಡವರು ತಮ್ಮ ಕಾಗದಪತ್ರಗಳನ್ನು ಮುಂದಿಟ್ಟು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: "ತೆರಿಗೆ ಇಲ್ಲ ಅಂದಿದ್ದರಲ್ಲ, ಮತ್ತೆ ಈ ಅಂಕಿ ಇಲ್ಲಿ ಯಾಕೆ ಬಂತು?" ಈ ಬರಹ ಆ ಪ್ರಶ್ನೆಗೆ ಉತ್ತರ. ಪರಿಹಾರದ ಮೊತ್ತ ಎಷ್ಟು ಎಂಬುದರಷ್ಟೇ, ಅದನ್ನು ಯಾವ ಮಾತಿನಲ್ಲಿ ಬರೆದಿದೆ ಎಂಬುದೂ ಕೈಗೆ ಉಳಿಯುವ ಹಣವನ್ನು ನಿರ್ಧರಿಸುತ್ತದೆ ಎಂಬುದು ನನ್ನ ಮಾತು. ಇದನ್ನು ಗಾಯಾಳುವಿಗೆ ಮೊದಲೇ ಬಿಡಿಸಿ ಹೇಳದಿರುವುದು ದೊಡ್ಡ ಅನ್ಯಾಯವೆಂದು ನಾನು ತಿಳಿದಿದ್ದೇನೆ.

ತೆರಿಗೆ ಇಲ್ಲ ಎನ್ನುವುದರ ಬುಡ ಫೆಡರಲ್ ತೆರಿಗೆ ಕಾಯಿದೆಯ 104ನೇ ಸೆಕ್ಷನ್‌ನಲ್ಲಿದೆ. ಕೆಲಸದಿಂದಾದ ಗಾಯಕ್ಕೆ ಅಥವಾ ಕಾಯಿಲೆಗೆ ಕಾರ್ಮಿಕ ಪರಿಹಾರ ಕಾನೂನಿನಡಿ ಬಂದ ಹಣವನ್ನು ಅದು ಆದಾಯದ ಲೆಕ್ಕದಿಂದ ಹೊರಗಿಡುತ್ತದೆ. ವಾರವಾರ ಬಂದರೂ, ಇಡುಗಂಟಾಗಿ ಒಮ್ಮೆಲೇ ಬಂದರೂ ನಿಯಮ ಒಂದೇ. ಇದರ ಹಿಂದೆ ನೂರು ವರ್ಷ ದಾಟಿದ ಒಂದು ಒಡಂಬಡಿಕೆಯಿದೆ. 1911ರಲ್ಲಿ ವಿಸ್ಕಾನ್ಸಿನ್‌ನಿಂದ ಮೊದಲಾಗಿ 1948ರಲ್ಲಿ ಮಿಸಿಸಿಪ್ಪಿಯವರೆಗೆ ರಾಜ್ಯಗಳು ಒಂದೊಂದಾಗಿ ಒಪ್ಪಿಕೊಂಡ ಈ ವ್ಯವಸ್ಥೆಯಲ್ಲಿ ಕಾರ್ಮಿಕ ತನ್ನ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ, ತಪ್ಪು ಯಾರದೆಂದು ಸಾಧಿಸುವ ಹೊರೆಯಿಲ್ಲದೆ, ಚಿಕಿತ್ಸೆಯ ವೆಚ್ಚವನ್ನೂ ಕೂಲಿಯ ಒಂದು ಭಾಗವನ್ನೂ ಪಡೆಯುತ್ತಾನೆ. ಅನೇಕ ರಾಜ್ಯಗಳಲ್ಲಿ ಆ ಭಾಗ ಸುಮಾರು ಮೂರನೇ ಎರಡರಷ್ಟು, ಅದಕ್ಕೂ ಒಂದು ಮೇಲ್ಮಿತಿ ಉಂಟು. ನೋವಿಗೆಂದು, ಬದುಕಿನ ನಷ್ಟಕ್ಕೆಂದು ಅದರಲ್ಲಿ ಏನೂ ಇಲ್ಲ. ಹೀಗೆ ಮೊದಲೇ ಕಡಿಮೆ ಮಾಡಿ ಕೊಟ್ಟ ಹಣದ ಮೇಲೆ ಮತ್ತೆ ತೆರಿಗೆ ಹಾಕುವುದು ಸರಿಯಲ್ಲವೆಂದೇ ಈ ವಿನಾಯಿತಿ.

ವಿನಾಯಿತಿಯ ಅಂಚುಗಳನ್ನೂ ಹೇಳಿಬಿಡುತ್ತೇನೆ. ಗಾಯದ ನಂತರ ಹಗುರ ಕೆಲಸಕ್ಕೆ ಮರಳಿದರೆ ಆ ಸಂಬಳಕ್ಕೆ ಎಂದಿನಂತೆ ತೆರಿಗೆ ಇದೆ. ಗಾಯದ ಕಾರಣಕ್ಕೇ ನಿವೃತ್ತಿ ಪಡೆದರೂ, ವಯಸ್ಸು ಅಥವಾ ಸೇವಾವಧಿಯ ಲೆಕ್ಕದಲ್ಲಿ ಬರುವ ಪಿಂಚಣಿ ಪರಿಹಾರವಲ್ಲ. ಇಡುಗಂಟನ್ನು ಬ್ಯಾಂಕಿನಲ್ಲಿಟ್ಟರೆ ಅಸಲಿಗೆ ತೆರಿಗೆ ಇಲ್ಲ, ಬಡ್ಡಿಗೆ ಇದೆ. ಗಾಯದ ದಾವೆಯ ಜೊತೆಗೆ ತಾರತಮ್ಯದ ಅಥವಾ ಬಾಕಿ ಸಂಬಳದ ತಕರಾರನ್ನೂ ಒಂದೇ ರಾಜಿಯಲ್ಲಿ ಮುಗಿಸಿದರೆ, ಆ ಎರಡನೆಯ ಭಾಗ ಈ ವಿನಾಯಿತಿಯೊಳಗೆ ಬರುವುದಿಲ್ಲ. ಇವು ಸುಲಭವಾಗಿ ಅರ್ಥವಾಗುವ ಸಂಗತಿಗಳು. ತೊಡಕು ಇರುವುದು ಬೇರೆಡೆ.

ಗಾಯ ತೀವ್ರವಾಗಿದ್ದು, ಕನಿಷ್ಠ ಒಂದು ವರ್ಷ ಯಾವ ಗಣನೀಯ ದುಡಿಮೆಯೂ ಸಾಧ್ಯವಿಲ್ಲವೆಂದು ತೀರ್ಮಾನವಾದರೆ, ಸಾಕಷ್ಟು ವರ್ಷ ಸೋಷಿಯಲ್ ಸೆಕ್ಯೂರಿಟಿ ತೆರಿಗೆ ಕಟ್ಟಿದವರಿಗೆ ಫೆಡರಲ್ ಸರ್ಕಾರದಿಂದ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ. ಇಲ್ಲಿ ಎಲ್ಲರೂ ಅದನ್ನು ಎಸ್‌ಎಸ್‌ಡಿಐ ಎನ್ನುತ್ತಾರೆ. ಪರಿಹಾರ ರಾಜ್ಯದ ಕಾನೂನಿನದು, ಪಿಂಚಣಿ ಕೇಂದ್ರದ್ದು. ಎರಡನ್ನೂ ಒಟ್ಟಿಗೆ ಪಡೆಯಬಹುದು, ಆದರೆ ಒಂದು ಮಿತಿಯೊಳಗೆ. 1956ರಲ್ಲಿ ಈ ಪಿಂಚಣಿ ಹುಟ್ಟಿದಾಗ ಪರಿಹಾರದ ಪ್ರತಿ ಡಾಲರಿಗೂ ಪಿಂಚಣಿಯಲ್ಲಿ ಒಂದು ಡಾಲರ್ ಕಡಿತವಾಗುತ್ತಿತ್ತು. 1958ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. 1965ರಲ್ಲಿ ಬೇರೆ ರೂಪದಲ್ಲಿ ಮರಳಿ ತಂದರು, ಅದೇ ಇಂದಿಗೂ ಇದೆ: ಪರಿಹಾರ ಮತ್ತು ಪಿಂಚಣಿ ಎರಡೂ ಸೇರಿ ಗಾಯಕ್ಕೆ ಮುಂಚಿನ ಸರಾಸರಿ ಗಳಿಕೆಯ ಶೇ. 80ನ್ನು ದಾಟಬಾರದು. ಕುಟುಂಬಕ್ಕೆ ಸಿಗಬೇಕಿದ್ದ ಒಟ್ಟು ಪಿಂಚಣಿಯೇ ಅದಕ್ಕಿಂತ ಹೆಚ್ಚಿದ್ದರೆ ಅದೇ ಮಿತಿಯಾಗುತ್ತದೆ. ಮಿತಿ ದಾಟಿದ ಹಣವನ್ನು ಪಿಂಚಣಿಯಿಂದ ಕಳೆಯುತ್ತಾರೆ, ಮತ್ತು ಕತ್ತರಿ ಮೊದಲು ಬೀಳುವುದು ಹೆಂಡತಿ ಮಕ್ಕಳ ಹೆಸರಿನಲ್ಲಿ ಬರುತ್ತಿದ್ದ ಭಾಗಕ್ಕೆ.

ಇದು ಸಂವಿಧಾನಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ವೆಸ್ಟ್ ವರ್ಜೀನಿಯಾದ ರೇಮಂಡ್ ಬೆಲ್ಚರ್ ಅವರಿಗೆ ತಮಗೂ ಕುಟುಂಬಕ್ಕೂ ಸೇರಿ 1968ರಲ್ಲಿ ತಿಂಗಳಿಗೆ 329.70 ಡಾಲರ್ ಪಿಂಚಣಿ ಮಂಜೂರಾಗಿತ್ತು. ರಾಜ್ಯದಿಂದ 203.60 ಡಾಲರ್ ಪರಿಹಾರ ಬರುತ್ತಿದೆಯೆಂದು ತಿಳಿದ ಮೇಲೆ ಅದನ್ನು 225.30ಕ್ಕೆ ಇಳಿಸಿದರು. ಕೆಳಗಿನ ನ್ಯಾಯಾಲಯ ಅವರ ಪರವಾಗಿ ನಿಂತಿತು. 1971ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಎರಡು ಕಡೆಯಿಂದ ಹಣ ಬಂದು ದುಡಿಮೆಯ ದಿನಗಳಿಗಿಂತ ಹೆಚ್ಚಾದರೆ ಕೆಲಸಕ್ಕೆ ಮರಳುವ ಆಸಕ್ತಿ ಕುಂದುತ್ತದೆ, ರಾಜ್ಯಗಳ ಪರಿಹಾರ ವ್ಯವಸ್ಥೆಯೂ ಸೊರಗುತ್ತದೆ ಎಂಬ ಶಾಸಕಾಂಗದ ಕಾರಣವನ್ನು ನ್ಯಾಯಾಲಯ ಸಾಕೆಂದು ಒಪ್ಪಿತು.

ನನಗೆ ಈ ಕಾರಣ ಒಪ್ಪಿಗೆಯಾಗುವುದಿಲ್ಲ. ಎಸ್‌ಎಸ್‌ಡಿಐ ಸಿಗುವುದೇ ಯಾವ ಗಣನೀಯ ಕೆಲಸವನ್ನೂ ಮಾಡಲಾರರೆಂದು ಸರ್ಕಾರವೇ ತೀರ್ಮಾನಿಸಿದ ಮೇಲೆ. ಕೆಲಸ ಮಾಡಲಾರರೆಂದು ಒಂದು ಕಾಗದದಲ್ಲಿ ಬರೆದು, ಕೆಲಸದ ಆಸಕ್ತಿ ಕಳೆದುಕೊಳ್ಳಬಾರದೆಂದು ಇನ್ನೊಂದು ಕಾಗದದಲ್ಲಿ ಹಣ ಕತ್ತರಿಸುವುದು ಹೇಗೆ ಹೊಂದುತ್ತದೆ? ಖಾಸಗಿ ವಿಮೆಯಿಂದ ಬರುವ ಅಂಗವೈಕಲ್ಯದ ಹಣಕ್ಕೂ ಮಾಜಿ ಸೈನಿಕರ ಪಿಂಚಣಿಗೂ ಈ ಕಡಿತ ಇಲ್ಲ. ಸ್ವಂತ ದುಡ್ಡಿನಲ್ಲಿ ಒಳ್ಳೆಯ ವಿಮೆ ಕೊಳ್ಳಲು ಶಕ್ತರಾದವರು ಎರಡನ್ನೂ ಪೂರ್ತಿ ಪಡೆಯುತ್ತಾರೆ. ಗೋದಾಮಿನ ಕೂಲಿಗಾರರಿಗೆ ಮಾತ್ರ ಶೇ. 80ರ ಗೋಡೆ.

ಈಗ ತೆರಿಗೆಗೆ ಬರುತ್ತೇನೆ. ಒಬ್ಬರ ಗಾಯಕ್ಕೆ ಮುಂಚಿನ ಸರಾಸರಿ ಗಳಿಕೆ ತಿಂಗಳಿಗೆ 5,000 ಡಾಲರ್ ಎಂದುಕೊಳ್ಳೋಣ. ಶೇ. 80 ಎಂದರೆ 4,000. ಅವರಿಗೆ ವಾರಕ್ಕೆ 600, ಅಂದರೆ ತಿಂಗಳಿಗೆ 2,600 ಡಾಲರ್ ಪರಿಹಾರ ಬರುತ್ತಿದೆ. ಮಂಜೂರಾದ ಪಿಂಚಣಿ 2,000. ಒಟ್ಟು 4,600 ಆದ್ದರಿಂದ ಪಿಂಚಣಿಯಲ್ಲಿ 600 ಕಡಿತವಾಗಿ ಕೈಗೆ ಬರುವುದು 1,400. ವರ್ಷಕ್ಕೆ 16,800. ಜನವರಿಯಲ್ಲಿ ಸೋಷಿಯಲ್ ಸೆಕ್ಯೂರಿಟಿ ಕಚೇರಿಯಿಂದ ಎಸ್‌ಎಸ್‌ಎ-1099 ಎಂಬ ಪತ್ರ ಬರುತ್ತದೆ. ಅದರಲ್ಲಿ ನಮೂದಾಗಿರುವ ಮೊತ್ತ 16,800 ಅಲ್ಲ, 24,000. ಏಕೆಂದರೆ ತೆರಿಗೆ ಕಾಯಿದೆಯ 86ನೇ ಸೆಕ್ಷನ್ ಪ್ರಕಾರ, ಪರಿಹಾರದ ಯಾವ ಭಾಗದಿಂದಾಗಿ ಪಿಂಚಣಿ ಕಡಿತವಾಯಿತೋ ಆ ಭಾಗವನ್ನು ಪರಿಹಾರವೆಂದು ನೋಡದೆ ಸೋಷಿಯಲ್ ಸೆಕ್ಯೂರಿಟಿ ಹಣವೆಂದೇ ಎಣಿಸಬೇಕು. 104ನೇ ಸೆಕ್ಷನ್ ಮುಂಬಾಗಿಲಲ್ಲಿ ತಡೆದ ತೆರಿಗೆಯನ್ನು 86ನೇ ಸೆಕ್ಷನ್ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಂತಾಯಿತು.

ಅವರ ಸಂಗಾತಿ ದುಡಿದು ವರ್ಷಕ್ಕೆ 50,000 ಡಾಲರ್ ತರುತ್ತಿದ್ದು, ಇಬ್ಬರೂ ಜಂಟಿಯಾಗಿ ರಿಟರ್ನ್ ಸಲ್ಲಿಸಿದರೆ ಏನಾಗುತ್ತದೆ ನೋಡಿ. ಸೋಷಿಯಲ್ ಸೆಕ್ಯೂರಿಟಿ ಹಣದ ಅರ್ಧವನ್ನು ಉಳಿದ ಆದಾಯಕ್ಕೆ ಕೂಡಿದಾಗ 32,000 ಡಾಲರ್ ದಾಟಿದರೆ ಅರ್ಧದವರೆಗೆ, 44,000 ದಾಟಿದರೆ ಶೇ. 85ರವರೆಗೆ ಆ ಹಣ ತೆರಿಗೆಗೆ ಒಳಪಡುತ್ತದೆ. ಇವರ ಲೆಕ್ಕ 62,000ಕ್ಕೆ ಹೋಗುತ್ತದೆ. ಹಾಗಾಗಿ 24,000ದ ಶೇ. 85, ಅಂದರೆ 20,400 ಡಾಲರ್ ತೆರಿಗೆಯ ಆದಾಯವಾಗುತ್ತದೆ. ಪಿಂಚಣಿಯಾಗಿ ಕೈಗೆ ಬಂದದ್ದೇ 16,800! ಬಾರದ ಹಣಕ್ಕೆ ತೆರಿಗೆ ಕಟ್ಟಿದಂತೆ ಕಾಣುವ ಈ ಅಂಕಿಯ ಮುಂದೆಯೇ ಜನ ಬೆರಳಿಟ್ಟು ಕೇಳುವುದು. ಒಟ್ಟು ಒಂದೇ ಮೊತ್ತ ಪಡೆಯುವ ಇಬ್ಬರಿಗೆ ಒಂದೇ ತೆರಿಗೆ ಇರಲಿ ಎಂಬ ತರ್ಕ ಇದರ ಹಿಂದೆ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ 104ನೇ ಸೆಕ್ಷನ್ ಕೊಟ್ಟ ಮಾತು ಗಾಯಕ್ಕೆ ಸಂಬಂಧಿಸಿದ್ದು. ಪಿಂಚಣಿಯೂ ಬಂತೆಂಬ ಕಾರಣಕ್ಕೆ ಗಾಯದ ಹಣ ಗಾಯದ ಹಣವಾಗಿ ಉಳಿಯದೇ ಹೋಗಬಾರದು.

ಒಬ್ಬಂಟಿಗರಿಗೆ ಆ ಮೊದಲ ಮಿತಿ 25,000 ಡಾಲರ್. ಇದನ್ನೂ ಜಂಟಿ ರಿಟರ್ನಿನ 32,000ವನ್ನೂ ನಿಗದಿ ಮಾಡಿದ್ದು 1983ರ ತಿದ್ದುಪಡಿ. ಆಮೇಲೆ ಬೆಲೆಗಳು ಎಷ್ಟೇ ಏರಿದರೂ ಇವು ಕದಲಿಲ್ಲ. 2025ರ ಹೊಸ ಕಾನೂನಿನಿಂದ ಸೋಷಿಯಲ್ ಸೆಕ್ಯೂರಿಟಿಗೆ ತೆರಿಗೆಯೇ ಹೋಯಿತೆಂದು ಅನೇಕರು ನಂಬಿದ್ದಾರೆ. ಆ ಕಾನೂನು ಕೊಟ್ಟದ್ದು 65 ದಾಟಿದವರಿಗೆ ಕೆಲವು ವರ್ಷಗಳ ಹೆಚ್ಚುವರಿ ಕಳೆತ ಮಾತ್ರ. ನಲವತ್ತೈದರಲ್ಲಿ ಅಂಗವಿಕಲರಾದವರಿಗೆ ಅದರಿಂದ ಏನೂ ಇಲ್ಲ.

ಇನ್ನು ಇಡುಗಂಟಿನ ವಿಷಯ. ಸಹಿ ಹಾಕುವ ಮುನ್ನ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ವಿಮಾ ಕಂಪನಿ ವಾರದ ಹಣವನ್ನು ನಿಲ್ಲಿಸಿ, ಎಲ್ಲವನ್ನೂ ಒಂದೇ ಮೊತ್ತದಲ್ಲಿ ಮುಗಿಸೋಣ ಎನ್ನುತ್ತದೆ. ಹಣ ಒಮ್ಮೆ ಬಂದು ಮುಗಿದ ಮೇಲೆ ತಿಂಗಳ ಕಡಿತವೂ ಮುಗಿಯುತ್ತದೆಂದು ಗಾಯಾಳು ಭಾವಿಸುತ್ತಾರೆ. ಸೋಷಿಯಲ್ ಸೆಕ್ಯೂರಿಟಿ ಕಚೇರಿ ಹಾಗೆ ಭಾವಿಸುವುದಿಲ್ಲ. ಇಡುಗಂಟನ್ನು ಅದು ಮತ್ತೆ ವಾರವಾರದ ಹಣವಾಗಿ ಒಡೆದು ಹಂಚುತ್ತದೆ. ಯಾವ ದರದಲ್ಲಿ ಹಂಚಬೇಕೆಂದು ಮೊದಲು ರಾಜಿಯ ಆದೇಶದಲ್ಲೇ ನೋಡುತ್ತದೆ. ಅಲ್ಲಿ ಏನೂ ಹೇಳದಿದ್ದರೆ ಈ ಮೊದಲು ಬರುತ್ತಿದ್ದ ವಾರದ ದರವನ್ನು ತೆಗೆದುಕೊಳ್ಳುತ್ತದೆ. ಅದೂ ಇಲ್ಲದಿದ್ದರೆ ಗಾಯವಾದ ದಿನ ಆ ರಾಜ್ಯದಲ್ಲಿದ್ದ ಗರಿಷ್ಠ ದರವನ್ನು ಹಿಡಿಯುತ್ತದೆ.

ಮೇಲಿನ ಗಾಯಾಳುವೇ 1,20,000 ಡಾಲರಿಗೆ ರಾಜಿಯಾದರೆಂದು ಇಟ್ಟುಕೊಳ್ಳಿ. ವಕೀಲರ ಶುಲ್ಕ 24,000 ಹೋದರೆ ಉಳಿಯುವುದು 96,000. ಶುಲ್ಕವನ್ನು ಕಡಿತದ ಲೆಕ್ಕದಿಂದ ಹೊರಗಿಡಲು ಅವಕಾಶವಿದೆ. ಆದೇಶದಲ್ಲಿ ದರವಿಲ್ಲದಿದ್ದರೆ ಹಳೆಯ 600 ಡಾಲರ್ ದರದಲ್ಲಿ ಇದು 160 ವಾರಗಳಿಗೆ ಹರಡುತ್ತದೆ. ಅಷ್ಟೂ ಕಾಲ, ಸುಮಾರು 37 ತಿಂಗಳು, ಪಿಂಚಣಿಯಲ್ಲಿ ತಿಂಗಳಿಗೆ 600ರ ಕಡಿತ ಮುಂದುವರಿಯುತ್ತದೆ. ನಷ್ಟ 22,000 ಡಾಲರ್‌ನಷ್ಟು. ಅದೇ ಆದೇಶದಲ್ಲಿ, ಈ ಮೊತ್ತವು ಗಾಯಾಳುವಿನ ಉಳಿದ ಆಯುಸ್ಸಿಗೆ ಅನ್ವಯಿಸುತ್ತದೆ, ಆಯುಸ್ಸಿನ ಕೋಷ್ಟಕದ ಪ್ರಕಾರ ಅದು 30 ವರ್ಷ, ಆದ್ದರಿಂದ ತಿಂಗಳಿಗೆ ಸುಮಾರು 267 ಡಾಲರ್ ಎಂದು ಬರೆದಿದ್ದರೆ, ಪಿಂಚಣಿಯೊಂದಿಗೆ ಕೂಡಿದರೂ 2,267 ಮಾತ್ರ. ಮಿತಿ 4,000. ಕಡಿತವೇ ಇಲ್ಲ. ಪಿಂಚಣಿಯ ಮೇಲಿನ ತೆರಿಗೆ ಮೊದಲಿನಷ್ಟೇ ಇರುತ್ತದೆ, ನಿಜ. ಆದರೆ ಈಗ ಆ 24,000 ಪೂರ್ತಿಯಾಗಿ ಕೈಗೆ ಬಂದಿರುತ್ತದೆ, ಮತ್ತು ಪರಿಹಾರದ ಒಂದು ಡಾಲರೂ ಹೆಸರು ಬದಲಿಸಿಕೊಂಡು ತೆರಿಗೆಗೆ ಸಿಕ್ಕಿರುವುದಿಲ್ಲ.

ಎರಡೂ ರಾಜಿಗಳಲ್ಲಿ ವಿಮಾ ಕಂಪನಿ ಕೊಟ್ಟದ್ದು ಒಂದೇ ಮೊತ್ತ. ಆ ವಾಕ್ಯವನ್ನು ಸೇರಿಸಲು ಅದಕ್ಕೆ ಯಾವ ಖರ್ಚೂ ಇಲ್ಲ. ಹಾಗಿದ್ದೂ ವಾಕ್ಯವಿಲ್ಲದ ಆದೇಶಗಳನ್ನು ನಾನು ನೋಡುತ್ತಲೇ ಇದ್ದೇನೆ. ಪರಿಹಾರದ ವಕೀಲರು ತಮ್ಮ ಕೆಲಸ ಪರಿಹಾರಕ್ಕೆ ಮುಗಿಯಿತೆನ್ನುತ್ತಾರೆ, ಪಿಂಚಣಿ ನೋಡುವವರಿಗೆ ರಾಜಿಯ ದಿನ ಕರೆ ಹೋಗಿರುವುದಿಲ್ಲ, ನನ್ನಂಥವರ ಬಳಿ ಬರುವುದು ಎಲ್ಲ ಮುಗಿದ ಮೇಲೆ. ತಡವಾಗಿ ಎಚ್ಚೆತ್ತು ಆದೇಶವನ್ನು ತಿದ್ದಿಸಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಕಡಿತ ತಪ್ಪಿಸಲೆಂದೇ ನಂತರ ಮಾಡಿದ ತಿದ್ದುಪಡಿಯನ್ನು ಒಪ್ಪಬೇಕಿಲ್ಲವೆಂದು ಸೋಷಿಯಲ್ ಸೆಕ್ಯೂರಿಟಿ ಆಡಳಿತ 1997ರಲ್ಲೇ ನಿರ್ಣಯ ಹೊರಡಿಸಿದೆ. ಮೊದಲ ಸಹಿಯ ದಿನವೇ ವಾಕ್ಯ ಅಲ್ಲಿರಬೇಕು.

ಮುಂದಿನ ಚಿಕಿತ್ಸೆಗೆಂದು ಇಟ್ಟ ಹಣವನ್ನೂ ಆದೇಶದಲ್ಲಿ ಬೇರೆಯಾಗಿ ನಮೂದಿಸಿದರೆ ಅದೂ ಕಡಿತದ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಎಸ್‌ಎಸ್‌ಡಿಐ ಅರ್ಹತೆ ಬಂದ 24 ತಿಂಗಳ ನಂತರ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆ. ಕೆಲಸದ ಗಾಯದ ಚಿಕಿತ್ಸೆಯ ಭಾರವನ್ನು ತನ್ನ ಮೇಲೆ ಹೊರಿಸಬಾರದೆಂದು ಮೆಡಿಕೇರ್ ನಿರೀಕ್ಷಿಸುವುದರಿಂದ, ರಾಜಿಯ ಒಂದು ಪಾಲನ್ನು ಪ್ರತ್ಯೇಕ ಖಾತೆಯಲ್ಲಿ ಇಡುವ ರೂಢಿಯಿದೆ. ಆ ಖಾತೆಯ ಹಣ ಆ ಗಾಯದ ಚಿಕಿತ್ಸೆಗೆ ಮಾತ್ರ. ಅದರಿಂದ ಮನೆ ಬಾಡಿಗೆ ಕಟ್ಟಿದರೆ ಮುಂದೆ ಮೆಡಿಕೇರ್ ಆ ಗಾಯದ ಬಿಲ್ಲನ್ನು ತಿರಸ್ಕರಿಸಬಹುದು.

ಬಡವರಿಗೆಂದು ಇರುವ ಎಸ್‌ಎಸ್‌ಐ ಭತ್ಯೆಯ ಕಥೆ ಇನ್ನೂ ಕಠಿಣ. ಒಬ್ಬರ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚು ಆಸ್ತಿ ಇರಬಾರದೆಂಬ ಅದರ ಮಿತಿ 1989ರಿಂದ ಬದಲಾಗಿಲ್ಲ. ಸಣ್ಣ ರಾಜಿಯೂ ಆ ಭತ್ಯೆಯನ್ನು ನಿಲ್ಲಿಸಿಬಿಡುತ್ತದೆ. 65ರೊಳಗಿನವರಿಗೆ, ಹಣ ಆಸ್ತಿಯ ಲೆಕ್ಕಕ್ಕೆ ಬಾರದಂತೆ, ವಿಶೇಷ ಟ್ರಸ್ಟ್ ಮಾಡುವ ದಾರಿಯಿದೆ, ಅದಕ್ಕೂ ರಾಜಿಗೆ ಮುಂಚೆಯೇ ಸಿದ್ಧತೆ ಬೇಕು.

ಎಲ್ಲ ರಾಜ್ಯಗಳಲ್ಲೂ ಕಡಿತ ಪಿಂಚಣಿಯಿಂದಲೇ ಆಗುವುದಿಲ್ಲ. ನ್ಯೂಜೆರ್ಸಿ, ಫ್ಲಾರಿಡಾ, ವಾಷಿಂಗ್ಟನ್ ಮೊದಲಾದ ಕೆಲವು ರಾಜ್ಯಗಳಲ್ಲಿ, ಕೆಲವು ಬಗೆಯ ಪರಿಹಾರಗಳಿಗೆ, ಪಿಂಚಣಿಯನ್ನು ಪೂರ್ತಿ ಬಿಟ್ಟು ರಾಜ್ಯದ ಪರಿಹಾರವನ್ನೇ ಇಳಿಸುವ ತಿರುವುಮುರುವು ಕ್ರಮವಿದೆ. 1981ರ ನಂತರ ಹೊಸದಾಗಿ ಇಂಥ ಕ್ರಮ ತರಲು ರಾಜ್ಯಗಳಿಗೆ ಅವಕಾಶವಿಲ್ಲ. ಇದರಿಂದ ಲಾಭ ವಿಮಾ ಕಂಪನಿಗೆ. ಗಾಯಾಳುವಿಗಂತೂ ತೆರಿಗೆ ಇಲ್ಲದ ಹಣ ಕಡಿಮೆಯಾಗಿ, ತೆರಿಗೆ ಬೀಳಬಹುದಾದ ಹಣ ಪೂರ್ತಿಯಾಗಿ ಬರುತ್ತದೆ. ನ್ಯೂಜೆರ್ಸಿ ತನ್ನ ರಾಜ್ಯ ತೆರಿಗೆಯಲ್ಲಿ ಸೋಷಿಯಲ್ ಸೆಕ್ಯೂರಿಟಿ ಹಣವನ್ನು ಮುಟ್ಟುವುದಿಲ್ಲ ಎಂಬುದೊಂದು ಸಮಾಧಾನ.

ನಮ್ಮವರಿಗೆ ಸಂಬಂಧಿಸಿದ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಬಂದವರಿಗೂ ಕೆಲಸದ ಗಾಯದ ಪರಿಹಾರ ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಅನ್ವಯಿಸುತ್ತದೆ. ಎಸ್‌ಎಸ್‌ಡಿಐ ಹಾಗಲ್ಲ. 31 ದಾಟಿದವರು ಸಾಮಾನ್ಯವಾಗಿ ಹಿಂದಿನ ಹತ್ತು ವರ್ಷಗಳಲ್ಲಿ ಐದು ವರ್ಷದಷ್ಟಾದರೂ ಇಲ್ಲಿ ದುಡಿದು ತೆರಿಗೆ ಕಟ್ಟಿರಬೇಕು. ಭಾರತಕ್ಕೂ ಅಮೆರಿಕಕ್ಕೂ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದ ಕಾರಣ, ಬೆಂಗಳೂರಿನಲ್ಲಿ ದುಡಿದ ವರ್ಷಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಬಂದು ಮೂರು ವರ್ಷವಾದ ನಡುವಯಸ್ಕರು ಗಾಯಗೊಂಡರೆ, ಸಂಬಳದಿಂದ ಪ್ರತಿ ತಿಂಗಳೂ ಕಡಿತವಾದ ತೆರಿಗೆಗೆ ಪ್ರತಿಯಾಗಿ ಅವರಿಗೆ ಪಿಂಚಣಿ ಇಲ್ಲ. ರಾಜಿಯ ಮೊತ್ತವೇ ಎಲ್ಲ. ಅವರು ಆ ಮೊತ್ತದ ಬಗ್ಗೆ ಇನ್ನೂ ಗಟ್ಟಿಯಾಗಿ ಚೌಕಾಸಿ ಮಾಡಬೇಕು.

ಪಿಂಚಣಿ ಮಂಜೂರಾಗಲು ಎರಡು ಮೂರು ವರ್ಷ ಹಿಡಿದು ಬಾಕಿಯೆಲ್ಲ ಒಮ್ಮೆಲೇ ಬಂದಾಗ, ಆ ಹಣವನ್ನು ಆಯಾ ವರ್ಷಕ್ಕೆ ಸೇರಿಸಿ ಲೆಕ್ಕ ಹಾಕುವ ಆಯ್ಕೆ ಕಾಯಿದೆಯಲ್ಲೇ ಇದೆ. ಹಳೆಯ ರಿಟರ್ನ್‌ಗಳನ್ನು ತಿದ್ದಬೇಕಿಲ್ಲ. ಈ ವರ್ಷದ ರಿಟರ್ನ್‌ನಲ್ಲೇ ಆ ಆಯ್ಕೆ ಮಾಡಬಹುದು. ಕೆಲಸವಿಲ್ಲದೆ ಆದಾಯ ಕುಸಿದಿದ್ದ ವರ್ಷಗಳಿಗೆ ಹಣ ಸೇರಿದರೆ ಅನೇಕ ಸಲ ತೆರಿಗೆ ಗಣನೀಯವಾಗಿ ಇಳಿಯುತ್ತದೆ. ಎಸ್‌ಎಸ್‌ಎ-1099 ಪತ್ರದಲ್ಲಿ ಯಾವ ವರ್ಷಕ್ಕೆ ಎಷ್ಟು ಎಂಬ ವಿವರವಿರುತ್ತದೆ, ಅದನ್ನು ಎಸೆಯದೆ ತನ್ನಿ.

ರಾಜಿಯಾದ ಕೂಡಲೇ ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ ತಿಳಿಸುವುದನ್ನು ಮುಂದೂಡಬೇಡಿ. ಕಡಿತವಾಗದೆ ಬಂದ ಪಿಂಚಣಿಯನ್ನು ಅವರು ವರ್ಷಗಳ ನಂತರವೂ ಹೆಚ್ಚುವರಿ ಪಾವತಿಯೆಂದು ವಾಪಸ್ ಕೇಳುತ್ತಾರೆ. ಅಂಥ ನೋಟಿಸ್ ಬಂದರೆ ಮೇಲ್ಮನವಿಗೆ 60 ದಿನಗಳ ಅವಕಾಶವಿದೆ. ಅರ್ಜಿಯ ಜೊತೆ ಲಗತ್ತಿಸಬೇಕಾದ ಮೊದಲ ಕಾಗದ ರಾಜಿಯ ಆದೇಶ: ಶುಲ್ಕ, ಚಿಕಿತ್ಸೆಯ ಪಾಲು ಮತ್ತು ತಿಂಗಳ ದರ ಮೂರೂ ನಮೂದಾಗಿರುವ ಪುಟಗಳ ಸಹಿತ.